ವಕೀಲರ ಮನೆಯವರು ಉಡಿ ತುಂಬಲಿಲ್ಲ

ಶಟ್ಟೆವ್ವನಿಗೆ ತವರುಮನೆ ಇರಲಿಲ್ಲ. ಪ್ಲೇಗು ಬಂದ ವರ್ಷ ಕಟಕೋಳದ ಆ ಮನೆಯಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲ. ಪಂಚಮಿಗೆ ಕರೆಯಲು ಬರುವ ಅಣ್ಣನಿಲ್ಲ, ಉಡಿ ತುಂಬಿ ಕಳಿಸುವ ಅವ್ವನಿಲ್ಲ. ತನ್ನವನೆಂದು ಇದ್ದವನು ಗಂಡ ಬೀರಪ್ಪ ಒಬ್ಬನೇ. ಈಗ ಅವನೂ ಬೈಲಹೊಂಗಲದ ಜೇಲಿನಲ್ಲಿದ್ದ.

ಇದು ಬ್ರಿಟಿಷರ ಕಾಲದ ಮಾತು. ಕಿತ್ತೂರು ಸೀಮೆಯಲ್ಲಿ, ದೇಗಾಂವದ ಆಚೆ, ಅವರದೊಂದು ಸಣ್ಣ ಹಳ್ಳಿ. ಆ ಊರ ಇನಾಮದಾರರ ಬಣವೆಗೆ ಬೆಂಕಿ ಬಿತ್ತು. ದನ ಮೇಯುವ ಗಾಯರಾಣ ಊರಿಗೆ ಸೇರಿದ್ದು, ನಿಮ್ಮದಲ್ಲ ಎಂದು ಬೀರಪ್ಪ ಅವರಿಗೆ ಎದುರಾಡಿ ಬಹಳ ದಿನ ಆಗಿರಲಿಲ್ಲ. ಬೆಂಕಿ ಇಟ್ಟವನು ಅವನೇ ಎಂದು ಇನಾಮದಾರರು ಫಿರ್ಯಾದಿ ಕೊಟ್ಟರು. ಅವರೇನು ಸಾಮಾನ್ಯರೇ? ಲೋಕಲ್ ಬೋರ್ಡಿನ ಮೆಂಬರು. ಸಾಹೇಬರ ಡೇರೆಗೆ ಹೋದರೂ ಖುರ್ಚಿ ಹಾಕಿಸಿಕೊಂಡು ಕೂಡುವವರು. ಫೌಜದಾರರು ಬಂದರು, ಬೀರಪ್ಪನ ಕೈಗೆ ಬೇಡಿ ಬಿತ್ತು.

ಅಂದಿನಿಂದ ಶಟ್ಟೆವ್ವನ ಜೀವ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅವನ ಪಾಲಿನ ಹಿಟ್ಟನ್ನೂ ನಾದುತ್ತಿದ್ದಳು, ಆಮೇಲೆ ನೆನಪಾಗಿ ಅಳುತ್ತಿದ್ದಳು. ಅವನ ಕಂಬಳಿಗೆ ಕುರಿಯ ವಾಸನೆ ಇತ್ತು. ಬಿಸಿಲಿಗೆ ಹಾಕಿದರೆ ಆ ವಾಸನೆ ಹೋದೀತೆಂದು ಹಾಕುತ್ತಲೂ ಇರಲಿಲ್ಲ.

ಅತ್ತೆ ಮರೆವ್ವ ಒಂದು ದಿನ ಹತ್ತಿರ ಕರೆದಳು.

"ಸರಕಾರಿ ವಕೀಲ ಅಂದಾನೆಪ್ಪನವರಂತ, ಅವರ ಕೈಯಾಗ ಐತಿ ನೋಡ ನಮ್ಮ ಖಟ್ಲೆ. ಸರಕಾರದ ಪಗಾರ ತಿನ್ನಾವ್ರು ಇನಾಮದಾರರ ಮಾತ ಮೀರ್ತಾರೇನು? ನಾವೂ ಏನರ ವಶೀಲಿ ಹಚ್ಚಬೇಕು."

"ನಮಗೆಲ್ಲಿ ವಶೀಲಿ ಐತ್ರಿ ಅತ್ತಿ? ಯಾರ ಅದಾರ ನಮಗ?"

"ವಕೀಲರ ಹೇಣ್ತಿ ಸುಂದರವ್ವ ಕಿತ್ತೂರ ಕಡಿಯಾಕಿ. ಹೋಗಿ ಉಡಿ ತುಂಬಿಸ್ಕೊ. ಉಡಿ ತುಂಬಿದ ಮನಿ ತವರಮನಿ ಆಗತೈತಿ. ತಂಗಿ ಗಂಡನ್ನ ಯಾವಾವ ಜೇಲಿಗೆ ಹಾಕ್ತಾನು?"

ಶಟ್ಟೆವ್ವನಿಗೆ ಈ ಮಾತು ಎರಡು ಕಡೆಯಿಂದ ನಾಟಿತು. ಗಂಡ ಸಿಕ್ಕಾನು, ತವರೂ ಸಿಕ್ಕೀತು. ಮರುದಿನ ನಸುಕಿಗೇ ಬೈಲಹೊಂಗಲದ ದಾರಿ ಹಿಡಿದಳು.

ಸುಂದರವ್ವ ಒಳ್ಳೆಯ ಹೆಂಗಸು. ನೀರು ಬೆಲ್ಲ ಕೊಟ್ಟು ಕೂಡಿಸಿದಳು. "ಅಕ್ಕಾ, ನನಗ ತವರ ಇಲ್ರಿ. ನಿಮ್ಮ ಕೈಲೆ ಒಂದ ಸಲ ಉಡಿ ತುಂಬಸ್ಕೋಬೇಕಂತ ಬಂದೇನಿ" ಎಂದ ಕೂಡಲೇ ಒಳಗೆ ಹೋಗಿ ಮೊರ ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಮೇಲೊಂದು ಕುಬಸದ ಖಣ. ಶಟ್ಟೆವ್ವ ಸೆರಗು ಒಡ್ಡಿದಳು. ಎಷ್ಟು ವರ್ಷಗಳ ಮೇಲೆ ಒಡ್ಡಿದ ಸೆರಗು! ಕಣ್ಣು ಮಂಜಾದವು.

"ಯಾವೂರವ್ವಾ ನಿಂದು? ಯಾರ ಮನಿಯಾಕಿ?" ಸುಂದರವ್ವ ಕೇಳಿದಳು.

ಶಟ್ಟೆವ್ವ ಸುಳ್ಳು ಹೇಳುವವಳಲ್ಲ. ಊರು ಹೇಳಿದಳು, ಗಂಡನ ಹೆಸರು ಬಾಯಿಂದ ಆಡಬಾರದೆಂದು "ಬಣವಿ ಖಟ್ಲೇದಾಗ ಹಿಡದಾರಲ್ರಿ, ಅವರು" ಎಂದಳು.

ಮೊರ ಹಿಡಿದ ಕೈ ಅಲ್ಲೇ ನಿಂತಿತು.

"ತಂಗಿ, ಇದು ಆಗೂದಿಲ್ಲ."

"ಯಾಕ್ರಿ ಅಕ್ಕಾ? ಬಡವ್ರ ಉಡಿ ಅಂತೇನು?"

"ಹಂಗನ್ನಬ್ಯಾಡ. ಮೊನ್ನೆ ನಿಮ್ಮ ಇನಾಮದಾರರ ಮನಿಯವರು ರೇಶಿಮಿ ಸೀರಿ ತಂದು ನನ್ನ ಉಡಿ ತುಂಬಾಕ ಬಂದಿದ್ರು. ನಾ ಸೆರಗ ಒಡ್ಡಲಿಲ್ಲ. ಅವರ ಕಡಿಂದ ತುಂಬಿಸ್ಕೊಂಡಿದ್ರ ನಿನ್ನ ಗಂಡನ ಗತಿ ಏನಾಗತಿತ್ತು? ಈಗ ನಿನಗ ತುಂಬಿದ್ರ ಅದೂ ಅಷ್ಟ. ನಾಳೆ ಖರೇನ ಬಿಡುಗಡೆ ಆದ್ರೂ, ವಕೀಲರ ಬಳಗದಾವ ಅಂತ ಬಿಟ್ರು ಅಂತಾರ ಮಂದಿ. ಬೆಂಕಿ ಹಚ್ಚಿದಾವ ಅನ್ನೂ ಹೆಸರ ಸಾಯೂತನಕ ಹೋಗೂದಿಲ್ಲ."

ಹೀಗೆಂದು ಮೊರವನ್ನು ಒಳಗೆ ಒಯ್ದಳು. ಒಯ್ಯುವಾಗ ಅವಳ ಕಣ್ಣಲ್ಲೂ ನೀರಿತ್ತು. ಆದರೆ ಒಯ್ದಳು. ಒಡ್ಡಿದ ಸೆರಗು ಹಾಗೇ ಇಳಿದಾಗ ಶಟ್ಟೆವ್ವನಿಗೆ ಅವ್ವ ಇನ್ನೊಮ್ಮೆ ಸತ್ತಂತಾಯಿತು.

ಮಾತು ಕೇಳಿ ಅಂದಾನೆಪ್ಪನವರು ಪಡಸಾಲೆಗೆ ಬಂದರು.

"ನೋಡವ್ವಾ, ನಾ ಸರಕಾರದ ವಕೀಲ ಖರೆ. ಆದ್ರ ಇನಾಮದಾರರ ವಕೀಲ ಅಲ್ಲ, ನಿಮ್ಮ ವಕೀಲನೂ ಅಲ್ಲ. ಹಿಡದವರನ್ನೆಲ್ಲಾ ಜೇಲಿಗೆ ಹಾಕಸೂದು ನನ್ನ ಕೆಲಸಲ್ಲ. ಸಿಕ್ಕ ಪುರಾವಾ ಎಲ್ಲಾ ಕೋರ್ಟಿನ ಮುಂದ ಇಡಬೇಕು. ಅದು ನಿನ್ನ ಗಂಡಗ ಅನುಕೂಲ ಇದ್ರೂ ಮುಚ್ಚಿಡೂ ಹಂಗಿಲ್ಲ."

"ಹಂಗಾರ ಒಂದ ಮಾತ ಐತ್ರಿ ಯಪ್ಪಾ..."

"ಮನ್ಯಾಗ ಬ್ಯಾಡ. ಕಚೇರಿಗೆ ಬಾ. ನಾಕ ಮಂದಿ ಮುಂದ ಹೇಳು."

ಅವಳು ಕಚೇರಿಗೆ ಹೋದಳು. ಗುಮಾಸ್ತರು, ಪೊಲೀಸರು ಎಲ್ಲರ ಎದುರು ಹೇಳಿದಳು. ಬೆಂಕಿ ಬಿದ್ದ ದಿನ ಇನಾಮದಾರರ ಕಬ್ಬಿನ ಗಾಣದ ಒಲೆ ಉರಿಯುತ್ತಿತ್ತು, ಗಾಳಿ ಬೀಸುತ್ತಿತ್ತು. ಒಲೆ ಕಾಯುವ ಭರಮಪ್ಪ "ಕಿಡಿ ಹಾರೇತಿ, ಓಡಿ ಬರ್ರೋ" ಎಂದು ಕೂಗಿದ್ದನ್ನು ಬಾವಿಯ ಬಳಿ ಇದ್ದ ಅವಳೂ ಉಳಿದ ಹೆಂಗಸರೂ ಕೇಳಿದ್ದರು. ಮರುದಿನದಿಂದ ಭರಮಪ್ಪನ ಬಾಯಿಗೆ ಬೀಗ ಬಿದ್ದಿತ್ತು.

ಇದು ಇನಾಮದಾರರ ಕಿವಿಗೆ ಹೋಗದೆ ಇರುತ್ತದೆಯೇ? ಅವರು ಕಚೇರಿಯ ಮೆಟ್ಟಿಲ ಮೇಲೇ ವಕೀಲರನ್ನು ತಡೆದು, "ನಿಮ್ಮ ಸರಕಾರಿ ಕೆಲಸದ ನೇಮಣೂಕಿ ಮತ್ತ ಮುಂದುವರೀಬೇಕಲ್ರಿ? ಮ್ಯಾಲಿನವರ ಮುಂದ ನಾವೂ ಒಂದ ಮಾತ ಹೇಳಾವ್ರ ಅದೇವಿ" ಎಂದರಂತೆ. ವಕೀಲರು ತಲೆಯ ರುಮಾಲು ಸರಿಪಡಿಸಿಕೊಂಡು, "ಹೇಳ್ರಿ. ನಾನೂ ಕೋರ್ಟಿನ್ಯಾಗ ಹೇಳಾವ ಅದೇನಿ" ಎಂದು ಒಳಗೆ ಹೋದರಂತೆ.

ಖಟ್ಲೆಯ ದಿನ ಸರಕಾರಿ ವಕೀಲರೇ ಭರಮಪ್ಪನನ್ನು ಸಾಕ್ಷಿಗೆ ಕರೆದರು. ಅವನು ಇನಾಮದಾರರ ಕಡೆ ನೋಡಿದ, ನೆಲ ನೋಡಿದ, ಕಡೆಗೆ ಬಾಯಿಬಿಟ್ಟ.

"ಒಲಿ ಕಿಡೀನ ರೀ ಸಾಹೇಬ್ರ. ಬೀರಪ್ಪ ಆರಸಾಕ ಓಡಿ ಬಂದಾವ್ರಿ."

ಆಗ ಅಂದಾನೆಪ್ಪನವರು ಎದ್ದು ನಿಂತು, ಈ ಮನುಷ್ಯನ ಮೇಲೆ ಸರಕಾರದ ಬಳಿ ಯಾವ ಪುರಾವೆಯೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಬೀರಪ್ಪನ ಬಿಡುಗಡೆ ಆಯಿತು. ಅವನು ಊರಿಗೆ ಬಂದಾಗ ಜನ ನಿಂದೆಯ ಒಂದು ಮಾತನ್ನೂ ಆಡಲಿಲ್ಲ. ಯಾರ ಉಡಿಯನ್ನೂ ಯಾರೂ ತುಂಬಿರಲಿಲ್ಲ, ಆಡಲು ಏನಿತ್ತು? ಅಂದು ಶಟ್ಟೆವ್ವ ನಾದಿದ ಹಿಟ್ಟು ಒಂದಿಷ್ಟೂ ಮಿಗಲಿಲ್ಲ.

ಖಟ್ಲೆ ಮುಗಿಯಿತಲ್ಲ, ಇನ್ನು ಆ ಮನೆಗೆ ಹೋದರೆ ಯಾರಿಗೂ ಬಾಧೆ ಇಲ್ಲ ಎಂದು ಅವಳ ಮನಸ್ಸು ದಿನವೂ ಬೈಲಹೊಂಗಲದ ಕಡೆಗೇ ಎಳೆಯುತ್ತಿತ್ತು. ಮುಂದಿನ ಸುಗ್ಗಿ ಮುಗಿದ ಮೇಲೆ ಗಂಡಹೆಂಡತಿ ಹೊಸ ಬೆಲ್ಲ ಕಟ್ಟಿಕೊಂಡು ಹೋದರು. ಬಾಗಿಲಿಗೆ ಕೀಲಿ ಬಿದ್ದಿತ್ತು.

"ಅವರ ನೇಮಣೂಕಿ ಮುಂದುವರೀಲಿಲ್ಲವ್ವಾ. ಯಾಕಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಧಾರವಾಡದ ಕಡೆ ಹೋದ್ರು" ಎಂದಳು ಪಕ್ಕದ ಮನೆಯ ಪದ್ಮವ್ವ.

ಶಟ್ಟೆವ್ವ ಕಟ್ಟೆಯ ಮೇಲೆ ಕುಳಿತು ಅತ್ತಳು. ತನ್ನ ಮನೆಗೆ ಗಂಡ ಬಂದ, ಆ ಮನೆಗೆ ಕೀಲಿ ಬಿತ್ತು. ಒಬ್ಬ ನೆಟ್ಟಗಿನ ಮನುಷ್ಯ ಊರು ಬಿಡುವಾಗ ತಾಲೂಕಿಗೆ ತಾಲೂಕೇ ಸುಮ್ಮನೆ ಕುಳಿತಿತ್ತು, ತಾನೂ ಕುಳಿತಿದ್ದೆ ಎಂಬುದು ಅವಳನ್ನು ಸುಟ್ಟಿತು.

ಮುಂದೆ ಓಣಿಯ ಸೀತವ್ವ ಮಗನ ಹೊಡೆದಾಟದ ಖಟ್ಲೆ ಹಿಡಿದುಕೊಂಡು ಬಂದಳು. "ಹೊಸ ಸರಕಾರಿ ವಕೀಲರಿಗೆ ಯಾರ ಕಡಿಂದ ಹೇಳಸೂಣ್ರಿ ಮರೆವ್ವಾ?" ಎಂದಳು. ಆಗ ಮರೆವ್ವನೇ ಹೇಳಿದಳು: "ಯಾರ ಕಡಿಂದೂ ಬ್ಯಾಡ. ನೀ ಹೇಳಿಸಿದ್ರ ನಿನಗಿಂತ ದೊಡ್ಡವ್ರು ಇನ್ನೊಬ್ಬರು ಹೇಳಸ್ತಾರ. ಕಂಡದ್ದನ್ನ ಕಚೇರ್ಯಾಗ ಹೇಳು. ನನ್ನ ಸೊಸಿ ಹಂಗ ಮಾಡಿದ್ಲು."

ಕಥೆ ಕೇಳಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಂದು ಇನಾಮದಾರರಿಲ್ಲ. ಆದರೆ ವಕೀಲರ ಮೆಟ್ಟಿಲ ಮೇಲೆ ನಿಂತು "ನೇಮಣೂಕಿ ಬೇಕಲ್ಲ?" ಎನ್ನುವ ಬಾಯಿ ಇನ್ನೂ ಮುಚ್ಚಿಲ್ಲ. ಸರಕಾರಿ ವಕೀಲರು ಗೆದ್ದ ಪಕ್ಷದವರಲ್ಲ, ಸೋತ ಪಕ್ಷದವರಲ್ಲ. ಅವರ ಹತ್ತಿರ ವಶೀಲಿ ಒಯ್ಯಬೇಡಿರಿ, ಒಯ್ಯುವವರಿಗೆ ದಾರಿ ತೋರಿಸಬೇಡಿರಿ. ನಿಮ್ಮ ಜಿಲ್ಲೆಯಲ್ಲಿ ಒಬ್ಬ ಸರಕಾರಿ ವಕೀಲರನ್ನು ತಟ್ಟನೆ ತೆಗೆದುಹಾಕಿದರೆಂದು ಕೇಳಿದ ದಿನ, ಮತ ಕೇಳಲು ಬರುವವರನ್ನು ಸಭೆಯಲ್ಲಿ ಎದ್ದು ನಿಂತು ಕೇಳಿರಿ: ಆಗ ಅವರ ಕೈಯಲ್ಲಿ ಯಾರ ಖಟ್ಲೆ ಇತ್ತು?