ಹೆಂಚಿನ ಚೂರಿನ ಕೆಳಗಿನ ನಾಣ್ಯ

ಊರಿನ ಹಳೇ ಕೋಟೆಗೋಡೆಯ ಬುಡದಲ್ಲಿ ನಾವು ಅಗೆಯುವುದು ಸತ್ತ ರಾಜರ ಕಾಲದ ಕಸವನ್ನು: ಒಡೆದ ಮಡಕೆ, ತುಕ್ಕು ಹಿಡಿದ ಬಾಣದ ಮೊನೆ, ಮೂಳೆ. ನನಗೆ ಕೆಲಸ ಕಲಿಸಿದವನು ಚಿಕ್ಕಪ್ಪ, ಅಗೆತದ ಮೇಸ್ತ್ರಿ. ಮಣ್ಣು ಮೂಸಿಯೇ ಅದರ ವಯಸ್ಸು ಹೇಳುತ್ತಾನೆ ಎಂದು ಎಲ್ಲರೂ ಹೊಗಳುತ್ತಾರೆ. ಹದಿನೆಂಟು ವರ್ಷದ ಹಿಂದೆ, ಅಪ್ಪ ಯಾರನ್ನೋ ಕಟ್ಟಿಕೊಂಡು ಓಡಿಹೋದ ಎಂದು ಅಮ್ಮನಿಗೆ ಹೇಳಿದವನೂ ಇವನೇ. ನಾನು ಅದನ್ನು ನಂಬಿ ಇಷ್ಟು ವರ್ಷ ಅಪ್ಪನಿಗೆ ಹಿಡಿಶಾಪ ಹಾಕಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

"ಆ ಮೂಲೆ ಮುಟ್ಬೇಡಿ, ಗೋಡೆ ಕುಸಿಯುತ್ತೆ" ಎಂದು ಪ್ರತಿವರ್ಷ ತಡೆಯುತ್ತಿದ್ದ ಚಿಕ್ಕಪ್ಪನ ಮಾತು ಈ ಸಲ ನಡೆಯಲಿಲ್ಲ. ಪುರಾತತ್ವ ಇಲಾಖೆಯಿಂದ ಹೊಸದಾಗಿ ಬಂದ ಆಫೀಸರಮ್ಮ ಅಲ್ಲೇ ಅಗೆತದ ಗುರುತಿಗೆ ದಾರ ಕಟ್ಟಿಸಿ, ಜಾಗವನ್ನು ನನಗೆ ಒಪ್ಪಿಸಿದರು. ಇವತ್ತು ಎಲ್ಲರೂ ಊಟಕ್ಕೆ ಹೋದರೂ ನಾನು ಗುಂಡಿಯಲ್ಲೇ ಉಳಿದೆ. ಎದೆಮಟ್ಟದ ಆಳದಲ್ಲಿ ಒಂದು ಕಾಲಿನ ಮೂಳೆ ಸಿಕ್ಕಿತು. ಬ್ರಷ್ ಆಡಿಸಿದರೆ, ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದ ಸ್ಟೀಲ್ ಪಟ್ಟಿ. ಇಲ್ಲೇ ಅಗೆಯುತ್ತಿದ್ದ ಅಪ್ಪನ ಕಾಲು ಗೋಡೆಯ ಕಲ್ಲು ಬಿದ್ದು ಮುರಿದಾಗ ಆಸ್ಪತ್ರೆಯಲ್ಲಿ ಇಂಥದ್ದೇ ಪಟ್ಟಿ ಹಾಕಿದ್ದರು. ಇನ್ನಷ್ಟು ಕೆರೆದಾಗ ತಲೆಬುರುಡೆ; ಅದರ ಹಿಂದೆ ಒಂದು ತೂತು, ಪಿಕಾಸಿಯ ಮೊನೆ ಸರಿಯಾಗಿ ಕೂರುವಷ್ಟು.

ಪಕ್ಕದಲ್ಲಿ ಹೆಂಚಿನ ಚೂರು. ಎತ್ತಿದರೆ ಅಡಿಯಲ್ಲಿ ಒಂದು ನಾಣ್ಯ, ಅಪ್ಪ ಕಾಣೆಯಾದ ವರ್ಷದ್ದು.

ಗುಂಡಿ ಮುಚ್ಚುವ ಮೊದಲು ತಳದಲ್ಲಿ ಆ ವರ್ಷದ ನಾಣ್ಯ ಇಡುವುದು ನಮ್ಮ ಕೆಲಸದ ಪದ್ಧತಿ. ಇಲ್ಲಿಯವರೆಗೆ ಆಗಲೇ ಅಗೆದಾಗಿದೆ ಎಂದು ಮುಂದಿನವರಿಗೆ ಗೊತ್ತಾಗಬೇಕಲ್ಲ. ಆದರೆ ನಾಣ್ಯದ ಮೇಲೆ ಹೆಂಚಿನ ಚೂರು ಮುಚ್ಚುವವನು ಚಿಕ್ಕಪ್ಪ ಒಬ್ಬನೇ. ಅವನಿಂದ ಕಲಿತವಳು ನಾನೊಬ್ಬಳೇ. ಒಡಹುಟ್ಟಿದ ಅಣ್ಣನನ್ನು ಹೂಳುವಾಗಲೂ ಪುಣ್ಯಾತ್ಮನ ಕೈ ಅಭ್ಯಾಸ ಬಿಟ್ಟಿರಲಿಲ್ಲ.

"ಮೇಲೆ ಬಾ ಮಗಳೇ."

ಗುಂಡಿಯ ಅಂಚಿನಲ್ಲಿ ಚಿಕ್ಕಪ್ಪ ನಿಂತಿದ್ದ, ಕೈಯಲ್ಲಿ ಪಿಕಾಸಿ.

"ಇದು ಅಪ್ಪ ಅಲ್ವಾ?" ಎಂದೆ.

"ಸಿಕ್ಕಿದ್ದನ್ನೆಲ್ಲ ನಾನು ಕದ್ದು ಮಾರ್ತೀನಿ ಅಂತ ಆಫೀಸಿಗೆ ಹೇಳೋಕೆ ಹೊರಟಿದ್ದ. ಒಂದೇ ಏಟು ಕಣೇ. ಬಾ, ಮುಚ್ಚಿಬಿಡೋಣ. ಇಷ್ಟು ವರ್ಷ ನಿಮ್ಮಿಬ್ರನ್ನ ಸಾಕಿದ್ದು ನಾನು ತಾನೆ?"

"ಮುಚ್ಚಲ್ಲ."

ಅವನು ಒಳಗೆ ಧುಮುಕಿ ಪಿಕಾಸಿ ಬೀಸಿದ. ಬಗ್ಗಿದರೂ ಮೊನೆ ನನ್ನ ಭುಜ ಸೀಳಿತು. ಕೈಯಲ್ಲಿದ್ದ ಕರಣೆಯನ್ನು ಅವನ ತೊಡೆಗೆ ಹಿಡಿಯವರೆಗೂ ಚುಚ್ಚಿದೆ. ಅರಚುತ್ತ ಬಿದ್ದ. ಪಿಕಾಸಿ ಕಸಿದು ಅದರ ಮರದ ಕಾವಿನಿಂದಲೇ ಬಾರಿಸಿದೆ, ಹಲ್ಲು ಉದುರುವವರೆಗೆ, ಅವನು ಕೈ ಮುಗಿಯುವವರೆಗೆ, ಮುಗಿದ ಕೈಯ ಮೇಲೂ. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ಮೇಲೆ ಹತ್ತಿ, ರಾಶಿ ಹಾಕಿದ್ದ ಮಣ್ಣನ್ನು ಸಲಿಕೆಯಿಂದ ಅವನ ಮೇಲೆ ತಳ್ಳತೊಡಗಿದೆ. ಕಾಲು ಮುಚ್ಚಿತು. ಸೊಂಟ ಮುಚ್ಚಿತು. "ಮಗಳೇ" ಎನ್ನಲು ಹೋದವನ ಬಾಯಿಗೂ ಮಣ್ಣು ಬಿತ್ತು.

ಇನ್ನೊಂದು ಸಲಿಕೆಗೆ ಮುಖ ಮುಚ್ಚುತ್ತಿತ್ತು. ಏನೋ ಮರೆತವಳಂತೆ ನಿಂತೆ. ಕೈ ತಾನಾಗಿ ಜೇಬಿಗೆ ಹೋಗಿ, ಈ ವರ್ಷದ ನಾಣ್ಯವೊಂದನ್ನು ಆರಿಸಿ ತೆಗೆದಿತ್ತು. ಕಣ್ಣು ಮಣ್ಣಿನ ರಾಶಿಯಲ್ಲಿ ಹೆಂಚಿನ ಚೂರು ಹುಡುಕುತ್ತಿತ್ತು.

ನಾಣ್ಯವನ್ನು ದೂರ ಬಿಸಾಡಿದೆ. ಸಲಿಕೆ ಎಸೆದು ಗುಂಡಿಗಿಳಿದೆ. ಆಫೀಸರಮ್ಮನನ್ನು ಕೂಗುತ್ತಲೇ, ಅವನ ಬಾಯಿಯ ಮಣ್ಣನ್ನು ಬೆರಳಿನಿಂದ ತೋಡಿ ತೆಗೆದೆ.