ಬಾಯಿ ಹುಣ್ಣಿಗೆ ಕನ್ನಡಿ ಬೇಕು

ಆ ಬೀದಿಯಲ್ಲಿ ಸೋಫಾ, ಕುರ್ಚಿ ರಿಪೇರಿ ಮಾಡುವವನೊಬ್ಬನಿದ್ದ. ಅವನ ಬಾಯಲ್ಲಿ ಮಾತಿಗಿಂತ ಮೊಳೆಯೇ ಹೆಚ್ಚು. ಸಣ್ಣ ಮೊಳೆಗಳನ್ನು ಎಡಗೆನ್ನೆಯಲ್ಲಿ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಟಕ್ ಟಕ್ ಎಂದು ಬಟ್ಟೆಗೆ ಹೊಡೆಯುತ್ತಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸ. ಅದಕ್ಕೇ ಎಲ್ಲರೂ ಅವನನ್ನು ಮೊಳೆಯಣ್ಣ ಎನ್ನುತ್ತಿದ್ದರು. ಮೊಳೆ ಮುಗಿದ ಕೂಡಲೇ ಅದೇ ಎಡಗೆನ್ನೆಗೆ ಹೊಗೆಸೊಪ್ಪು ಹೋಗುತ್ತಿತ್ತು. ಒಟ್ಟಿನಲ್ಲಿ ಆ ಕೆನ್ನೆಗೆ ರಜೆ ಅನ್ನುವುದೇ ಇರಲಿಲ್ಲ.

ಒಂದು ದಿನ ನಾಲಿಗೆಗೆ ಎಡಗೆನ್ನೆಯೊಳಗೆ ಏನೋ ಒರಟಾಗಿ ತಾಗಿತು. ಮೊಳೆಯ ತಲೆಯಷ್ಟು ಜಾಗ. "ಮೊಳೆ ಚುಚ್ಚಿರಬೇಕು" ಅಂದುಕೊಂಡ. ಮಾರನೆಯ ದಿನದಿಂದ ಮೊಳೆಗಳನ್ನು ಬಲಗೆನ್ನೆಗೆ ವರ್ಗ ಮಾಡಿದ. ಹೊಗೆಸೊಪ್ಪು ಮಾತ್ರ ತನ್ನ ಹಳೇ ಜಾಗದಲ್ಲೇ ಹಾಯಾಗಿತ್ತು.

ತಿಂಗಳಾಯಿತು, ಎರಡು ತಿಂಗಳಾಯಿತು. ಗಾಯ ಮಾಯಲಿಲ್ಲ. ಬಿಸಿ ಚಹಾ ತಾಗಿದರೆ ಚುರ್ ಎನ್ನುತ್ತಿತ್ತು, ಅಷ್ಟೇ. ಔಷಧಿ ಅಂಗಡಿಯವನು "ಹೊಟ್ಟೆ ಉಷ್ಣ" ಎಂದು ಮಾತ್ರೆ ಕೊಟ್ಟ. ಪಕ್ಕದಂಗಡಿಯ ಬೀಗ ರಿಪೇರಿಯವನು, ಅವನ ಹಳೇ ಗೆಳೆಯ, "ಹಲ್ಲು ಚೂಪಾಗಿದೆ, ಅದೇ ಗೀರ್ತಿದೆ" ಎಂದ. ಹೆಂಡತಿ "ಮೊಳೆಯ ತುಕ್ಕು ಸೇರಿಕೊಂಡಿದೆ" ಎಂದಳು. ತಲೆಗೊಂದು ಮಾತು. ಯಾರ ಮಾತು ಕೇಳಿದರೂ ಅದೇ ಸರಿ ಅನ್ನಿಸುತ್ತಿತ್ತು. ಮೊಳೆಯಣ್ಣ ಏನು ಮಾಡಬೇಕೋ ತಿಳಿಯದೆ, ಏನೂ ಮಾಡದೆ ಕೂತ.

ಮೂರನೆಯ ತಿಂಗಳಲ್ಲಿ ನಾದಿನಿ ಬಂದಳು. ಅವಳು ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ನರ್ಸ್. ಊಟಕ್ಕೆ ಕೂತಾಗ ಭಾವ ಒಂದೇ ಕಡೆ ಅಗಿಯುವುದನ್ನು ನೋಡಿದಳು.

"ಬಾಯಿ ತೆಗೀರಿ ಭಾವ."

"ಊಟದ ಹೊತ್ತಲ್ಲಿ ಎಂಥದ್ದು?"

"ಸುಮ್ಮನೆ ತೆಗೀರಿ."

ಅಂಗಡಿಯಲ್ಲಿ ಒಂದು ಟಾರ್ಚು, ಹಿಡಿ ಇರುವ ಒಂದು ಪುಟ್ಟ ಕನ್ನಡಿ ಇದ್ದವು. ಸೋಫಾದ ಅಡಿಯಲ್ಲಿ ಸ್ಪ್ರಿಂಗ್ ಮುರಿದಿದೆಯೋ ಎಂದು ನೋಡಲು ಅವನೇ ಇಟ್ಟುಕೊಂಡವು. ನಾದಿನಿ ಅವನ್ನು ತರಿಸಿ, ಕೆನ್ನೆಯೊಳಗೆ ಬೆಳಕು ಬಿಟ್ಟು, ಕನ್ನಡಿಯನ್ನು ಅವನಿಗೇ ತೋರಿಸಿದಳು. ಒರಟಾದ ಬಿಳಿ ಮಚ್ಚೆ, ನಡುನಡುವೆ ಕೆಂಪು. ಮೊಳೆಯ ತಲೆಯಷ್ಟಿದ್ದದ್ದು ಅಂಗಿ ಗುಂಡಿಯಷ್ಟಾಗಿತ್ತು. ಮೂರು ತಿಂಗಳಲ್ಲಿ ಅವನು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ನೋವಿದೆಯಾ?"

"ನೋವೇ ಇಲ್ಲ. ಅದಕ್ಕೇ ಸುಮ್ಮನಿದ್ದೀನಿ."

"ಅದೇ ತಪ್ಪು. ಕೆಟ್ಟದ್ದು ಮೊದಮೊದಲು ಎಷ್ಟೋ ಸಲ ನೋಯೋದೇ ಇಲ್ಲ ಭಾವ. ಮೊಳೆ ಚುಚ್ಚಿದ ಗಾಯ ಆದ್ರೆ ಎರಡು ವಾರದಲ್ಲಿ ಮಾಯಬೇಕಿತ್ತು. ಈಗ ಮೊಳೆ ಎಲ್ಲಿಟ್ಕೋತೀರಿ?"

"ಬಲಗಡೆ."

"ಬಲಗಡೆ ಗಾಯ ಆಯ್ತಾ?"

"ಇಲ್ಲ."

"ಮತ್ತೆ?"

ಮಾರನೆಯ ದಿನ ಮೊಳೆಯಣ್ಣ ಅವಳ ಜೊತೆ ಬಸ್ ಹತ್ತಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತುಟಿ ಮಗುಚಿ ನೋಡಿದರು, ಒಸಡು ನೋಡಿದರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಅತ್ತಿತ್ತ ಎಳೆದು ಅಂಚು ನೋಡಿದರು. ನಾಲಿಗೆಯ ಅಡಿ, ಅಂಗುಳ, ಒಂದನ್ನೂ ಬಿಡಲಿಲ್ಲ. ಕೆನ್ನೆಯನ್ನು ಒಳಗೊಂದು ಹೊರಗೊಂದು ಬೆರಳಿಟ್ಟು ಒತ್ತಿದರು. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟಿದೆಯೋ ಎಂದು ಮುಟ್ಟಿ ನೋಡಿದರು. ಬಾಯಿ ಹುಣ್ಣಿಗೆ ಕುತ್ತಿಗೆ ಯಾಕೆ ಹಿಚುಕುತ್ತಾರೆ ಎಂದು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಒಂದು ನೀಲಿ ಔಷಧಿ ಕೊಟ್ಟು ಮುಕ್ಕಳಿಸಿ ಉಗುಳಿಸಿದರು. ಬಾಯಿ ತೊಳೆಸಿ ಕನ್ನಡಿ ಹಿಡಿದರು. ಎಲ್ಲ ಕಡೆ ನೀಲಿ ಹೋಗಿತ್ತು, ಮಚ್ಚೆಯ ಮೇಲೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ಮೊಳೆಯಣ್ಣ ಕನ್ನಡಿಯನ್ನು ಪಕ್ಕಕ್ಕೆ ತಳ್ಳಿದ. ಮುಗಿಯಿತು, ತನಗೆ ಕ್ಯಾನ್ಸರ್ ಅಂದುಕೊಂಡ. "ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಬಯಾಪ್ಸಿ ಅಂತಾರೆ" ಎಂದು ಡಾಕ್ಟರಮ್ಮ ಹೇಳುತ್ತಿದ್ದದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. "ನಾಳೆ ಬರ್ತೀನಿ" ಎಂದವನೇ ಕಾಲಿಗೆ ಬುದ್ಧಿ ಹೇಳಿದ.

ಅಂಗಡಿಯಲ್ಲಿ ಬೀಗದವನು ಕಾದೇ ಕೂತಿದ್ದ.

"ಲೋ, ಚಾಕು ಮಾತ್ರ ಮುಟ್ಟಿಸಬೇಡ. ಮುಟ್ಟಿಸಿದ್ರೆ ಮೈಯೆಲ್ಲಾ ಹರಡುತ್ತೆ. ನಮ್ಮ ಚಿಕ್ಕಪ್ಪನಿಗೆ ಹಾಗೇ ಆಯ್ತು."

ಮೊಳೆಯಣ್ಣನಿಗೆ ಅತ್ತ ದರಿ, ಇತ್ತ ಪುಲಿ. ಕೊಯ್ಯಿಸಿದರೆ ಹರಡುತ್ತದಂತೆ, ಕೊಯ್ಯಿಸದಿದ್ದರೆ ಏನೆಂದು ಗೊತ್ತಾಗುವುದಿಲ್ಲವಂತೆ. ಎದುರಿಗೆ ಹೆಂಡತಿ ಮೆಷಿನ್ ತುಳಿಯುತ್ತಾ ಸೋಫಾ ಕವರ್ ಹೊಲಿಯುತ್ತಿದ್ದಳು. ಅವಳಿಗೆ ಹೊಲಿಯಲು ಬರುತ್ತದೆ, ಮೊಳೆ ಹೊಡೆಯಲು ಬರುವುದಿಲ್ಲ. ತಾನಿಲ್ಲದಿದ್ದರೆ ಅವಳ ಗತಿಯೇನು?

ಸಂಜೆ ನಾದಿನಿ ನೇರವಾಗಿ ಅಂಗಡಿಗೇ ಬಂದಳು. ಬೀಗದವನೂ ಅಲ್ಲೇ ಇದ್ದ.

"ನೀಲಿ ಬಂತಲ್ಲಮ್ಮ, ಇನ್ನೇನು ಉಳೀತು?" ಎಂದ ಮೊಳೆಯಣ್ಣ.

"ನೀಲಿ ಅಂದ್ರೆ ಕ್ಯಾನ್ಸರ್ ಅಂತಲ್ಲ ಭಾವ. ಸಾದಾ ಹುಣ್ಣಿಗೂ ಹತ್ತುತ್ತೆ. ಕೆಲವು ಸಲ ಕೆಟ್ಟದ್ದಿದ್ರೂ ಹತ್ತಲ್ಲ. ಅಕ್ಕ ಬಟ್ಟೆ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕ್ತಾಳಲ್ಲ, ಹಾಗೆ. ಎಲ್ಲಿ ನೋಡಬೇಕು ಅಂತ ಗುರುತು, ಅಷ್ಟೇ."

"ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗಲ್ವಾ? ಸ್ಕ್ಯಾನು?"

"ರಕ್ತದಲ್ಲಿ ಇದು ಗೊತ್ತಾಗಲ್ಲ. ಸ್ಕ್ಯಾನ್ ಆಮೇಲಿನ ಮಾತು. ಕ್ಯಾನ್ಸರ್ ಅಂತ ಖಚಿತ ಆದ್ಮೇಲೆ, ಎಷ್ಟು ಆಳ ಹೋಗಿದೆ, ಕುತ್ತಿಗೆಗೆ ಬಂದಿದೆಯಾ ಅಂತ ನೋಡೋಕೆ. ಹೌದೋ ಅಲ್ಲವೋ ಅಂತ ಹೇಳೋದು ಆ ಚೂರು ಮಾತ್ರ. ಅದನ್ನ ಮೈಕ್ರೋಸ್ಕೋಪಲ್ಲಿ ನೋಡಬೇಕು."

"ಕೊಯ್ದರೆ ಹರಡುತ್ತಮ್ಮ" ಎಂದು ಬೀಗದವನು ಬಾಯಿ ಹಾಕಿದ. "ಚಿಕ್ಕಪ್ಪನಿಗೆ..."

"ನಿಮ್ಮ ಚಿಕ್ಕಪ್ಪ ಹುಣ್ಣು ಕಂಡ ಎಷ್ಟು ದಿನಕ್ಕೆ ಆಸ್ಪತ್ರೆಗೆ ಬಂದ್ರು ಅಣ್ಣಾ?"

ಬೀಗದವನು ಕೈಯಲ್ಲಿದ್ದ ಬೀಗ ತಿರುಗಿಸಿದ. "ಒಂದೂವರೆ ವರ್ಷ ಆಗಿತ್ತು."

"ಹಾಗಾದ್ರೆ ಹರಡಿಸಿದ್ದು ಚಾಕುವಲ್ಲ, ಒಂದೂವರೆ ವರ್ಷ."

ಬೀಗದವನು ಬೀಗ ಹಿಡಿದುಕೊಂಡು ತನ್ನ ಅಂಗಡಿಗೆ ಹೊರಟ. ಮೊಳೆಯಣ್ಣ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. "ನೋಡೋಣ ತಗೋ" ಎಂದು ಸುತ್ತಿಗೆ ಎತ್ತಿಕೊಂಡ. ನಾದಿನಿ ಮುಖ ಸಣ್ಣದು ಮಾಡಿಕೊಂಡು ಹೊರಟಳು.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ನಿವೃತ್ತ ಟೀಚರೊಬ್ಬರು ಒಂದು ಹಳೇ ಒರಗುಕುರ್ಚಿ ತಂದರು. ಕೂತರೆ ಕಿರ್ ಎನ್ನುತ್ತದೆ, ಅಡಿಯಲ್ಲಿ ಸಣ್ಣಗೆ ಹಿಟ್ಟು ಉದುರುತ್ತದೆ ಎಂದರು. ಮೊಳೆಯಣ್ಣ ಕನ್ನಡಿ ಹಿಡಿದು ನೋಡಿದ.

"ಮೇಡಂ, ಒಂದು ಮೂಲೆ ಬಿಚ್ಚಿ ನೋಡಬೇಕು. ಮರಕ್ಕೆ ಹುಳ ಬಿದ್ದಿರಬಹುದು."

"ಅಯ್ಯೋ ಬಿಚ್ಚಬೇಡಪ್ಪ. ಬಿಚ್ಚಿದ್ರೆ ಪೂರ್ತಿ ಹಾಳಾಗುತ್ತೆ. ಮೇಲಿಂದಲೇ ಒಂದೆರಡು ಮೊಳೆ ಹೊಡೆದು ಕೊಡು."

ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳಿ ಹೇಳಿ ಸವೆದ ಮಾತು ಅವನ ಬಾಯಿಂದ ತಾನಾಗಿಯೇ ಬಂತು.

"ಬಿಚ್ಚೋದ್ರಿಂದ ಹುಳ ಬರಲ್ಲ ಮೇಡಂ. ಒಳಗಿರೋದು ಕಾಣುತ್ತೆ, ಅಷ್ಟೇ. ಇವತ್ತು ಬಿಚ್ಚಿದ್ರೆ ಒಂದು ಪಟ್ಟಿ ಬದಲಾಯಿಸಿದ್ರೆ ಸಾಕು. ಮುಂದಿನ ವರ್ಷ ಬಿಚ್ಚಿದ್ರೆ ಕುರ್ಚಿಯೇ ಇರಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಹೆಂಡತಿಯ ಮೆಷಿನ್ ನಿಂತಿತ್ತು. ಅವಳು ಗಂಡನ ಮುಖ ನೋಡುತ್ತಿದ್ದಳು. ಮೊಳೆಯಣ್ಣ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡ.

"ಲೇ, ನಾಳೆ ಅಂಗಡಿ ತೆಗೆಯೋದು ಬೇಡ. ನಿನ್ನ ತಂಗಿಗೆ ಫೋನ್ ಮಾಡು" ಎಂದ.

ಆಸ್ಪತ್ರೆಯಲ್ಲಿ ಕೆನ್ನೆ ಮರಗಟ್ಟಲು ಒಂದು ಸೂಜಿ ಕೊಟ್ಟರು. ಇರುವೆ ಕಚ್ಚಿದಷ್ಟು ನೋವು. ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ತೆಗೆದು, ಒಂದು ಹೊಲಿಗೆ ಹಾಕಿದರು. ಇಷ್ಟಕ್ಕೇ ನಾನು ಓಡಿಹೋಗಿದ್ದಾ ಎಂದು ಅವನಿಗೇ ನಾಚಿಕೆಯಾಯಿತು. ಫಲಿತಾಂಶಕ್ಕೆ ಎಂಟು ದಿನ ಕಾಯಬೇಕಾಯಿತು. ಆ ಎಂಟು ದಿನ ಗಂಡ ಹೆಂಡತಿ ಇಬ್ಬರಿಗೂ ಅನ್ನ ಇಳಿಯಲಿಲ್ಲ.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರಮ್ಮ. ಹೆಂಡತಿ ಅಲ್ಲೇ ಅತ್ತುಬಿಟ್ಟಳು.

"ಹಾಗಾದ್ರೆ ಏನೂ ಇಲ್ಲವಾ?"

"ಏನೂ ಇಲ್ಲ ಅಂತಲೂ ಅಲ್ಲ."

ಮೊಳೆಯಣ್ಣನ ತಲೆ ಮತ್ತೆ ಗಿರ್ ಎಂದಿತು. "ಡಾಕ್ಟ್ರೇ, ಇದೆಯೋ ಇಲ್ಲವೋ, ಒಂದು ಹೇಳಿಬಿಡಿ."

"ಅಲ್ಲಿನ ಜೀವಕೋಶಗಳು ಕೆಡೋಕೆ ಶುರುವಾಗಿವೆ. ಇವತ್ತಿಗೆ ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟರೆ ಆಗಬಹುದು, ಯಾವಾಗ ಅಂತ ನಾನೂ ಹೇಳಲಾರೆ. ಅದಕ್ಕೇ ಅಷ್ಟು ಜಾಗ ಪೂರ್ತಿ ತೆಗೆದುಬಿಡೋಣ. ತೆಗೆದದ್ದನ್ನೂ ಪರೀಕ್ಷೆ ಮಾಡ್ತೀವಿ. ಹೊಗೆಸೊಪ್ಪು ಇವತ್ತೇ ಕೊನೆ. ಆಮೇಲೂ ನಾನು ಕರೆದಾಗಲೆಲ್ಲ ಬಂದು ಬಾಯಿ ತೋರಿಸಬೇಕು."

ಹೆಂಡತಿ ಕಣ್ಣೊರೆಸಿಕೊಂಡಳು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗಾಗ್ತಿತ್ತು ರೀ" ಎಂದಳು.

ಆ ಜಾಗ ತೆಗೆದು ಈಗ ಐದು ತಿಂಗಳಾಯಿತು. ತೆಗೆದದ್ದರಲ್ಲೂ ಕ್ಯಾನ್ಸರ್ ಸಿಗಲಿಲ್ಲ. ಹೊಗೆಸೊಪ್ಪು ಬಿಡುವುದು ಸುಲಭವಾಗಿರಲಿಲ್ಲ, ಎರಡು ಸಲ ಜಾರಿ ಎದ್ದ. ಮೊಳೆಗಳು ಈಗ ಬಾಯಲ್ಲಿಲ್ಲ. ಬೀಗದವನು ಕೊಟ್ಟ ಒಂದು ಅಯಸ್ಕಾಂತಕ್ಕೆ ಅಂಟಿಕೊಂಡು ಮಣಿಕಟ್ಟಿನ ಮೇಲೆ ಕೂತಿರುತ್ತವೆ. ಹೆಸರು ಮಾತ್ರ ಮೊಳೆಯಣ್ಣ ಎಂದೇ ಉಳಿದಿದೆ.

ಮೊನ್ನೆ ಬೀಗದವನು ಅಂಗಡಿಯ ಬಾಗಿಲಿಗೆ ಬಂದು ನಿಂತ.

"ಏನೋ?"

"ಆ ಕನ್ನಡಿ ಸ್ವಲ್ಪ ಕೊಡು." ಆಮೇಲೆ ದನಿ ತಗ್ಗಿಸಿದ. "ನಾಲಿಗೆ ಪಕ್ಕದಲ್ಲಿ ಏನೋ ಇದೆ ಕಣೋ. ತಿಂಗಳಾಯ್ತು. ನೋವೇನಿಲ್ಲ."

ಮೊಳೆಯಣ್ಣ ಟಾರ್ಚ್ ಬಿಟ್ಟು ನೋಡಿದ. ನಾಲಿಗೆಯ ಅಂಚಿನಲ್ಲಿ ಒಂದು ಕೆಂಪು ಗುರುತು.

"ಏನದು?" ಎಂದ ಬೀಗದವನು, ಬಾಯಿ ತೆರೆದುಕೊಂಡೇ.

"ನನಗೇನು ಗೊತ್ತು? ನಾನು ಕುರ್ಚಿ ಡಾಕ್ಟರ್ರು. ನಡಿ."

"ಅಂಗಡಿ..."

"ಮುಚ್ಚು."

ಸುತ್ತಿಗೆಯನ್ನು ಅಲ್ಲೇ ಇಟ್ಟು, ಗೆಳೆಯನ ತೋಳು ಹಿಡಿದುಕೊಂಡೇ ಮೊಳೆಯಣ್ಣ ಬಸ್ ನಿಲ್ದಾಣದ ಕಡೆ ಹೊರಟ. ಎರಡು ಅಂಗಡಿಗಳ ಬಾಗಿಲೂ ಆ ದಿನ ಮುಚ್ಚಿದ್ದವು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಬಾಯಿ ಹುಣ್ಣಿಗೆ ಬೇಕು. ತಿಂಗಳಿಗೊಂದು ಸಲ ಬೆಳಕಿರುವ ಕಡೆ ಕನ್ನಡಿ ಮುಂದೆ ನಿಂತು ತುಟಿ, ಕೆನ್ನೆ, ಒಸಡು, ಅಂಗುಳ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಿಕೊಳ್ಳಿ. ಕುತ್ತಿಗೆಯನ್ನೂ ಮುಟ್ಟಿ ನೋಡಿ. ಹೊಗೆಸೊಪ್ಪು, ಅಡಿಕೆ, ಬೀಡಿ ಸಿಗರೇಟು, ಮದ್ಯದ ಅಭ್ಯಾಸ ಇರುವವರು ತಪ್ಪದೆ ನೋಡಿಕೊಳ್ಳಿ, ಇಲ್ಲದವರೂ ನೋಡಿಕೊಳ್ಳಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಮಾಯದ ಹುಣ್ಣು, ಏನೇ ಆದರೂ ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲ ಎಂದು ಕೂರಬೇಡಿ. ಚೂರು ತೆಗೆಯುತ್ತೇವೆ ಎಂದರೆ ಹೆದರಬೇಡಿ. ಏನೆಂದು ತಿಳಿಯದೆ ತಲೆ ಗೊಂದಲವಾದರೆ ಆಗಲಿ, ಮೊಳೆಯಣ್ಣನಿಗೂ ಆಗಿತ್ತು. ಗೊಂದಲದಲ್ಲೇ ಎದ್ದು ಹೊರಡಿ, ಬಗೆಹರಿಸುವವರು ಅಲ್ಲಿದ್ದಾರೆ.