ನಾರ್ಮಲ್ ರಕ್ತ

"ಅಕ್ಕಾ, ನಿಮ್ಮ ಗೆರೆ ಸ್ವಲ್ಪ ಜೋಲಿದೆ," ಎಂದಳು ಕಿರಿಸೊಸೆ, ಯಂತ್ರದ ಪರದೆಯಿಂದ ಕಣ್ಣು ಕೀಳದೆ.

ಹಿರಿಸೊಸೆಯ ಕೈಯಲ್ಲಿದ್ದ ಟ್ಯೂಬು ಅಲ್ಲೇ ನಿಂತಿತು. ಲ್ಯಾಬಿನಲ್ಲಿದ್ದ ಇನ್ನಿಬ್ಬರು ಟೆಕ್ನಿಷಿಯನ್ನರು ಕೇಳಿಸದವರಂತೆ ಬಗ್ಗಿ ಕೂತರು, ಅಂದರೆ ಚೆನ್ನಾಗಿಯೇ ಕೇಳಿಸಿತ್ತು.

"ಸೆಕೆಂಡು ಎಷ್ಟು ಬಂತು?"

"ಸೆಕೆಂಡು ಸರಿಯಾಗೇ ಇದೆ. ಮೇಲಿನ ಅಂಚಲ್ಲಿದೆ, ಅಷ್ಟೆ. ಆದ್ರೆ ಆಕಾರ..."

"ಸೆಕೆಂಡು ಸರಿ ಇದ್ರೆ ಎಲ್ಲ ಸರಿ. ಮುಂದಿನದು ಹಾಕು."

ರಕ್ತ ಹೆಪ್ಪುಗಟ್ಟಿಸುವ ರಾಸಾಯನಿಕದ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಆ ಲ್ಯಾಬಿನಲ್ಲಿ ನೌಕರರೇ ತೋಳು ಚಾಚುತ್ತಿದ್ದರು. ಅವರ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೋ ಅದೇ ನಾರ್ಮಲ್. ರೋಗಿಗಳನ್ನೆಲ್ಲ ಅಳೆಯುವುದು ಅದರಿಂದ. ರೋಗಿಗಳ ಟ್ಯೂಬು ನೀಲಿ ಸ್ಟ್ಯಾಂಡಿಗೆ, ನೌಕರರದು ಬಿಳಿ ಸ್ಟ್ಯಾಂಡಿಗೆ. ಬಿಳಿ ಸ್ಟ್ಯಾಂಡಿನ ಮೊದಲ ತೂತು ಹಿರಿಸೊಸೆಯದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಅದರಲ್ಲಿ ಬೇರೆಯವರ ಟ್ಯೂಬು ಇಟ್ಟು ಬಚಾವಾದವರೂ ಇರಲಿಲ್ಲ.

ಕಿರಿಸೊಸೆಯನ್ನು ಕೈಹಿಡಿದು ಇಲ್ಲಿಗೆ ತಂದು ಕೂರಿಸಿದವಳು ಬೇರೆ ಯಾರೂ ಅಲ್ಲ, ತಾನೇ. ಮೈದುನನ ಹೆಂಡತಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ, ಓದಿದ್ದಾಳೆ, ಪಾಪ ಎಂದು ಡಾಕ್ಟರ ಕಿವಿಗೆ ಮಾತು ಹಾಕಿದ್ದಳು. ಮನೆಯಲ್ಲಿ ಅತ್ತೆ "ಚಿಕ್ಕವಳ ಕೈಹದವೇ ಬೇರೆ" ಎಂದು ಹೊಗಳಿ ಅಟ್ಟಕ್ಕೇರಿಸುವುದನ್ನು ಹೇಗೋ ನುಂಗಿಕೊಂಡಿದ್ದಳು. ಲ್ಯಾಬಾದರೂ ತನ್ನದಲ್ಲವೇ!

ಈಗ ಲ್ಯಾಬೂ ಹೋಯಿತು. ಆ ಯಂತ್ರ ರಕ್ತದ ತಿಳಿಯೊಳಗೆ ಬೆಳಕು ಹಾಯಿಸುತ್ತದೆ. ತಿಳಿ ಗಟ್ಟಿಯಾದಂತೆ ಬೆಳಕು ಮಂಕಾಗಿ, ಪರದೆಯ ಮೇಲೆ ಗೆರೆ ಕೆಳಗಿಳಿಯುತ್ತದೆ. ಎಷ್ಟು ಸೆಕೆಂಡಿಗೆ ಇಳಿಯಿತು ಎಂದು ಬರೆದುಕೊಡುವುದು ಹಿರಿಸೊಸೆ ಕಲಿತ ಕೆಲಸ. ಹೇಗೆ ಇಳಿಯಿತು ಎಂದು ನೋಡುವುದು ಡಾಕ್ಟರು ಹೊಸದಾಗಿ ಶುರುಮಾಡಿಸಿದ್ದು. ಕೊರತೆಯಿಲ್ಲದ ರಕ್ತದ ಗೆರೆ ಗೋಡೆಯಿಂದ ಧುಮುಕಿದ ಹಾಗೆ ಇಳಿಯುತ್ತದೆ. ಏನಾದರೂ ಕೊರತೆ ಇದ್ದರೆ ಜಾರುತ್ತ ಜಾರುತ್ತ ಇಳಿಯುತ್ತದೆ. ಹೋದ ತಿಂಗಳು, ಹಲ್ಲು ಕೀಳಿಸಲು ಬಂದಿದ್ದ ಒಬ್ಬ ಬಡಗಿಯ ರಿಪೋರ್ಟಿಗೆ ಹಿರಿಸೊಸೆ ಎಲ್ಲ ಸರಿ ಎಂದು ಸಹಿ ಹಾಕಿದ್ದಳು. ಕಿರಿಸೊಸೆ ಗೆರೆ ನೋಡಿ ತಡೆದಳು. ಮುಂದಿನ ಪರೀಕ್ಷೆಯಲ್ಲಿ ರಕ್ತಸ್ರಾವದ ಕಾಯಿಲೆ ಎಂದು ಗೊತ್ತಾಯಿತು. "ಈಕೆಗೆ ಗೆರೆ ಓದೋಕೆ ಬರುತ್ತೆ ನೋಡಿ," ಎಂದರು ಡಾಕ್ಟರು, ಎಲ್ಲರೆದುರು. ಇಷ್ಟು ವರ್ಷಗಳಲ್ಲಿ ಅದೇ ಬಾಯಿಂದ ಹಿರಿಸೊಸೆಗೆ ಸಿಕ್ಕಿದ್ದೆಂದರೆ "ರಿಪೋರ್ಟ್ ರೆಡಿನಾ?" ಅಷ್ಟೇ. ಅಂದಿನಿಂದ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.

ಊಟದ ಹೊತ್ತಿಗೆ ಕಿರಿಸೊಸೆ ಕಾರಿಡಾರಿನುದ್ದಕ್ಕೂ ಹಿಂದೆಯೇ ಬಂದಳು.

"ಅಕ್ಕಾ, ಸೋಮವಾರ ನಿಮ್ಮ ಆಪರೇಷನ್ ಇದೆ. ಅದಕ್ಕೇ ಹೇಳಿದ್ದು. ತಿಂಗಳು ತಿಂಗಳು ಅಷ್ಟೊಂದು ರಕ್ತ ಹೋಗೋದು ಗರ್ಭಕೋಶದ ತೊಂದರೆಯಿಂದ ಅಲ್ಲದೆಯೂ ಇರಬಹುದು..."

"ನನ್ನ ಗರ್ಭಕೋಶಕ್ಕೂ ಇನ್ಮೇಲೆ ನೀನೇ ರಿಪೋರ್ಟ್ ಬರೀತೀಯಾ?"

"ಹಾಗಲ್ಲ ಅಕ್ಕಾ."

"ಮತ್ತೆ ಹೇಗೆ? ಅತ್ತೆ ಮುಂದೆ ನಾನು ಕೈಲಾಗದವಳು. ಡಾಕ್ಟರ ಮುಂದೆ ಕಣ್ಣಿಲ್ಲದವಳು. ಈಗ ನನ್ನ ರಕ್ತವೂ ಸರಿಯಿಲ್ಲ. ಮೊದಲನೇ ತೂತಲ್ಲಿ ನಿನ್ನ ಟ್ಯೂಬ್ ಇಡಬೇಕು ತಾನೆ? ಬಾಯ್ಬಿಟ್ಟು ಹೇಳು."

ಕಿರಿಸೊಸೆಯ ಕಣ್ಣು ತುಂಬಿತು. "ಡಾಕ್ಟರಿಗೆ ಹೇಳ್ಲಾ?" ಎಂದಳು, ಅಷ್ಟಾದರೂ.

"ಹೇಳಿದ್ರೆ ಮನೇಲಿ ನನ್ನ ಮುಖ ನೋಡ್ಬೇಡ."

ಹಿರಿಸೊಸೆ ಊಟಕ್ಕೆ ಹೋಗಲಿಲ್ಲ. ಎಲ್ಲರೂ ಹೊರಬಿದ್ದ ಮೇಲೆ ಲ್ಯಾಬಿಗೆ ಬಂದು ಬಿಳಿ ಸ್ಟ್ಯಾಂಡಿನಿಂದ ಎರಡು ಟ್ಯೂಬು ತೆಗೆದಳು, ತನ್ನದು ಮತ್ತು ವಾರಗಿತ್ತಿಯದು. ಇವಳ ಗೆರೆಯೂ ಜೋಲಿರುತ್ತದೆ, ಯಂತ್ರದ್ದೇ ತರಲೆ. ಆಗ ಈ ಮಹಾರಾಯಿತಿ ಮುಖ ಎಲ್ಲಿಟ್ಟುಕೊಳ್ಳುತ್ತಾಳೋ ನೋಡೋಣ! ಟ್ಯೂಬಿನಲ್ಲಿ ರಕ್ತ ಕಡಿಮೆ ಬಿದ್ದರೂ ಗೆರೆ ಕೆಡುತ್ತದೆ. ತನ್ನದನ್ನು ಎತ್ತಿ ಹಿಡಿದಳು. ಗುರುತಿನವರೆಗೂ ತುಂಬಿತ್ತು. ಸ್ವಲ್ಪ ನಿರಾಸೆಯಾಯಿತು.

ಯಂತ್ರ ಗುಂಯ್‌ಗುಟ್ಟಿ ನಿಂತಿತು. ಎರಡು ಗೆರೆಗಳನ್ನೂ ಒಂದರ ಮೇಲೊಂದು ತಂದಳು. ಕಿರಿಸೊಸೆಯದು ಧುಮುಕಿತ್ತು. ತನ್ನದು ಜಾರಿತ್ತು. ಆ ಬಡಗಿಯ ಗೆರೆ ಹೇಗಿತ್ತೋ ಥೇಟ್ ಹಾಗೆ.

ರಕ್ತದಲ್ಲೂ ಇವಳೇ ಮೇಲು!

ಮೊದಲು ಬಂದದ್ದು ಆ ಮಾತು. ಹೆದರಿಕೆ ಬಂದದ್ದು ಅದರ ಹಿಂದೆ, ನಿಧಾನವಾಗಿ. ಚಿಕ್ಕಂದಿನಲ್ಲಿ ಹಲ್ಲು ಬಿದ್ದರೆ ದಿಂಬೆಲ್ಲ ಕೆಂಪಾಗುತ್ತಿತ್ತು. ಮಗಳು ಹುಟ್ಟಿದಾಗ ಎಚ್ಚರವಾಗುವಷ್ಟರಲ್ಲಿ ಪಕ್ಕದಲ್ಲಿ ಯಾರದೋ ರಕ್ತದ ಬಾಟಲಿ ತೂಗುತ್ತಿತ್ತು. "ನಮ್ಮ ಮನೆ ಹೆಂಗಸರದು ಹೀಗೇ ಕಣೇ," ಎಂದಿದ್ದಳು ಅಮ್ಮ, ಮೂಗಿನ ಆಕಾರದ ಬಗ್ಗೆ ಹೇಳುವಂತೆ. ತನ್ನ ಬಳಿ ಬಂದ ಯಾವ ರೋಗಿ ಇದನ್ನೆಲ್ಲ ಹೇಳಿದ್ದರೂ ಹಿರಿಸೊಸೆ ಕೂಡಲೇ ಕುರ್ಚಿ ಎಳೆದು ಕೂರಿಸುತ್ತಿದ್ದಳು. ಸೋಮವಾರ ಚಾಕು ಹಾಕುವವರಿಗೆ ತಾನು ಹೇಳಿದ್ದೇನು? ನಮ್ಮ ಲ್ಯಾಬಿಗೇ ನಾನು ನಾರ್ಮಲ್ ಸಾರ್, ಎಂದು ನಕ್ಕಿದ್ದಳು. ಮಗಳಿಗೂ ಈಚೆಗೆ ತಿಂಗಳ ಆ ದಿನಗಳಲ್ಲಿ ಶಾಲೆಗೆ ಹೋಗಲಾಗುತ್ತಿಲ್ಲ.

ಬಾಗಿಲಲ್ಲಿ ಕಿರಿಸೊಸೆ ನಿಂತಿದ್ದಳು. ಪರದೆಯ ಮೇಲಿನ ಎರಡು ಗೆರೆ ನೋಡಿದಳು. ಏನಾದರೂ ಹೇಳಿದ್ದರೆ ಜಗಳವಾಡಲು ಸುಲಭವಿತ್ತು.

ಹಿರಿಸೊಸೆ ಎದ್ದು, ರೋಗಿಗಳ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

"ಇನ್ನೊಂದ್ಸಲ ತೆಗಿ. ನೀನೇ ತೆಗಿ."

ಸೂಜಿ ನೋವಿಲ್ಲದೆ ಇಳಿಯಿತು. ಅದಕ್ಕೂ ಒಂದು ಗಳಿಗೆ ಹೊಟ್ಟೆ ಉರಿಯಿತು.

"ಡಾಕ್ಟರಿಗೆ ನೀನೇ ಹೇಳು. ಮಗಳದ್ದೂ ನೋಡ್ಬೇಕು ಅಂತ ಹೇಳು. ಗೆರೆ ಓದೋಕೆ ಬರೋದು ನಿನಗೆ ತಾನೆ?"

"ಹೂಂ ಅಕ್ಕಾ," ಎಂದ ಕಿರಿಸೊಸೆ ಒಂದು ಕೈಯಲ್ಲಿ ಹತ್ತಿ ಒತ್ತಿಹಿಡಿದು, ಇನ್ನೊಂದರಲ್ಲಿ ಟ್ಯೂಬನ್ನು ರೂಢಿಯಂತೆ ಬಿಳಿ ಸ್ಟ್ಯಾಂಡಿನ ಮೊದಲ ತೂತಿಗೆ ಇಟ್ಟಳು.

ಹಿರಿಸೊಸೆ ಅದನ್ನು ನೋಡುತ್ತಿದ್ದಳು. ಆಮೇಲೆ ಬಿಡುವಿದ್ದ ಕೈ ಚಾಚಿ ಟ್ಯೂಬನ್ನು ಎತ್ತಿ, ನೀಲಿ ಸ್ಟ್ಯಾಂಡಿನಲ್ಲಿ ಯಾರೋ ಇಬ್ಬರ ನಡುವೆ ಇಟ್ಟಳು.

"ಸಾಕು, ಬಿಡು. ರಕ್ತ ನಿಂತಿರುತ್ತೆ."

"ಇನ್ನೂ ಸ್ವಲ್ಪ ಹೊತ್ತು," ಎಂದಳು ಕಿರಿಸೊಸೆ. ಹತ್ತಿಯ ಮೇಲಿದ್ದ ಹೆಬ್ಬೆರಳನ್ನು ಅವಳು ತೆಗೆಯಲಿಲ್ಲ.